ಡಾಕ್ಟರ್ ಓದೋ ಮಗಳು ಹಳ್ಳಿ ಸುತ್ತಬೇಕಾ?

ಪ್ರಶ್ನೆ: ಮಗಳು ಮೊದಲ ವರ್ಷದ ಎಂಬಿಬಿಎಸ್. ಕಾಲೇಜಿನವರು ಹಳ್ಳಿಯ ಕೆಲವು ಮನೆಗಳನ್ನು ಅವಳಿಗೆ ಒಪ್ಪಿಸಿದ್ದಾರೆ. ಓದೋದು ಬಿಟ್ಟು ಮನೆಮನೆ ಸುತ್ತಿದರೆ ಏನು ಬಂತು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಅದೂ ಓದೇ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮವನ್ನು, ಅಂದರೆ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಮೇಲೆ ಕಣ್ಣಿಡೋದನ್ನು, ಪಠ್ಯದೊಳಗೇ ಸೇರಿಸಿದೆ. ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು, ಅದೇ ಅದರ ಜೀವಾಳ. ಬಿಪಿ ಇರುವ ಅಜ್ಜಿಗೆ ಉಪ್ಪು ಕಮ್ಮಿ ಮಾಡಿ ಅಂತ ಆಸ್ಪತ್ರೆಯಲ್ಲಿ ಯಾರು ಬೇಕಾದರೂ ಹೇಳಬಹುದು. ಅಜ್ಜಿಯ ಅಡುಗೆಮನೆಯಲ್ಲಿ ಕೂತಾಗಲೇ ಗೊತ್ತಾಗೋದು, ರೊಟ್ಟಿಗೆ ನೆಂಚಿಕೊಳ್ಳೋಕೆ ಇರೋದು ಉಪ್ಪಿನಕಾಯಿ ಒಂದೇ, ಮಾತ್ರೆ ಮುಗಿದು ವಾರವಾಗಿದೆ, ತರೋಕೆ ಹೋದರೆ ಒಂದು ದಿನದ ಕೂಲಿ ಹೋಗುತ್ತೆ ಅಂತ.

ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದೂ ಅಲ್ಲಿನ ಸೋಲಿಗ ಬುಡಕಟ್ಟಿನವರ ನಡುವೆ ಇದ್ದುಕೊಂಡೇ ಅಲ್ವಾ?

ಹಾಗಂತ ಸುಮ್ನೆ ಬಸ್ಸಲ್ಲಿ ಹೋಗಿ ಫೋಟೊ ತೆಗೆದು ಪುಸ್ತಕ ತುಂಬಿಸಿ ಬಂದರೆ ನನಗೂ ಬೇಜಾರೇ, ಆ ಮನೆಯವರಿಗೆ ಇನ್ನೂ ಜಾಸ್ತಿ. ಊರಿನ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಳ್ಳಲು ಮಗಳಿಗೆ ಹೇಳಿ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ಟಿಬಿ ಮಾತ್ರೆ ನಿಲ್ಲಿಸಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತೆ.