ವಿಯೆಟ್ನಾಂನ ಹನೋಯಿಯಲ್ಲಿ ಬೆಳಗಿನ ತಿಂಡಿಗೆ ಬೀದಿಬದಿಯ ‘ಫೋ’ (ಬಿಸಿ ಸಾರಿನಲ್ಲಿ ಕೊಡುವ ಅಕ್ಕಿ ಶಾವಿಗೆ) ತಿನ್ನಬಹುದೇ, ಹೋಟೆಲಿನ ಬಫೆಯೇ ಸುರಕ್ಷಿತವೇ?

ಧೈರ್ಯವಾಗಿ ತಿನ್ನಿ. ಕುದಿಯುವ ಹಂಡೆಯಿಂದ ಕಣ್ಣೆದುರೇ ಬಟ್ಟಲಿಗೆ ಬೀಳುವ ಫೋ, ಉಗುರುಬೆಚ್ಚಗೆ ಕಾದು ಕುಳಿತ ಬಫೆ ತಿನಿಸಿಗಿಂತ ಎಷ್ಟೋ ಮೇಲು.

ಕಾರಣ ಶಾಖ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಹೆಚ್ಚುತ್ತವೆ. ಫೋ ಸಾರು ಅದಕ್ಕಿಂತ ಬಹಳ ಮೇಲಿರುತ್ತದೆ: ದನದ ಇಲ್ಲವೇ ಕೋಳಿಯ ಮೂಳೆಗಳನ್ನು ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ, ಈರುಳ್ಳಿಯೊಂದಿಗೆ ಗಂಟೆಗಟ್ಟಲೆ ಕುದಿಸಿರುತ್ತಾರೆ. ಅಗಲ ಎಳೆಯ ಅಕ್ಕಿ ಶಾವಿಗೆಯನ್ನು ಜಾಲರಿ ಸೌಟಿನಲ್ಲಿ ಕುದಿನೀರಿಗೆ ಅದ್ದಿ ತೆಗೆದು ಬಟ್ಟಲಿಗೆ ಹಾಕಿ, ಆ ಸಾರನ್ನು ಸುರಿಯುತ್ತಾರೆ. ಬಗ್ಗಿದರೆ ಹಬೆಗೆ ಕನ್ನಡಕ ಮಂಜಾಗುತ್ತದೆ. ಸ್ಥಳೀಯರು ಮುಗಿಬೀಳುವ ಅಂಗಡಿಯನ್ನೇ ಆರಿಸಿ. ಅಲ್ಲಿ ಯಾವುದೂ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಜೊತೆಗಿಡುವ ಹಸಿ ಸೊಪ್ಪಿಗೆ ಮಾತ್ರ ಶಾಖದ ಈ ಕಾವಲಿಲ್ಲ. ಮೊದಲ ಒಂದೆರಡು ದಿನ ಅದನ್ನು ಬಿಡಿ. ದನದ ಮಾಂಸದ ಫೋದಲ್ಲಿ ‘ತಾಯ್’ ಎಂದರೆ ಹಸಿ ಮಾಂಸದ ತೆಳು ಹೋಳುಗಳ ಮೇಲೆ ಸಾರು ಸುರಿದದ್ದು. ಪೂರ್ತಿ ಬೆಂದ ಮಾಂಸ ಬೇಕಿದ್ದರೆ ‘ಚಿನ್’ ಎನ್ನಿ. ಸಸ್ಯಾಹಾರಿಗಳು ‘ಚಾಯ್’ (ಸಸ್ಯಾಹಾರ) ಎಂಬ ಫಲಕವಿರುವ ಅಂಗಡಿಗೇ ಹೋಗಬೇಕು, ಏಕೆಂದರೆ ಬೇರೆಡೆ ಮಾಂಸ ಹಾಕಬೇಡಿ ಎಂದರೂ ಸಾರು ಮೂಳೆಯದೇ.