ಆಟ ಅವರದು, ಲೆಕ್ಕ ನಮ್ಮದು

ಮಾನ್ಯ ಶಿಕ್ಷಕರೇ,

ಅಮೆರಿಕದ ವೃತ್ತಿಪರ ಫುಟ್‌ಬಾಲನ್ನು ಮುಂದಿಟ್ಟುಕೊಂಡು ವಿಡಿಯೊ ಸಂವಾದದ ಮೂಲಕ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ಕುರಿತ ನಮ್ಮ ಲೇಖನವನ್ನು ಓದಿ, ತೀರ್ಥಹಳ್ಳಿ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ನಮ್ಮ ಮಕ್ಕಳು ಕಂಡು ಕೇಳರಿಯದ ಆಟದಿಂದ ಅವರಿಗೇನು ಪ್ರಯೋಜನ, ಮಳೆ ಹಿಡಿದರೆ ಕರೆಂಟೂ ನೆಟ್‌ವರ್ಕೂ ಇಲ್ಲದ ಶಾಲೆಗೆ ವಿಡಿಯೊ ಪಾಠದ ಮಾತೇಕೆ ಎಂಬುದು ತಮ್ಮ ಆಕ್ಷೇಪ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ 1920ರಲ್ಲಿ ಹುಟ್ಟಿದ್ದು ಓಹಿಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ. 1963ರಲ್ಲಿ ಅಲ್ಲೇ ತೆರೆದ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಎಂಬ ವಸ್ತುಸಂಗ್ರಹಾಲಯವು ದೂರದ ಶಾಲೆಗಳಿಗೆ ಇಂಥ ಪಾಠಗಳನ್ನು ನಡೆಸಿದೆ. ನಮ್ಮ ಕಾಲ್ಚೆಂಡಿಗಿಂತ ಬೇರೆಯಾದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟದಲ್ಲಿ ಚೆಂಡು ಹಿಡಿದ ತಂಡವು ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಮೊದಲ ಯತ್ನದಲ್ಲಿ 4 ಗಜ ಮುಂದೆ ಹೋಗಿ, ಎರಡನೆಯದರಲ್ಲಿ 3 ಗಜ ಹಿಂದೆ ತಳ್ಳಿಸಿಕೊಂಡರೆ ಇನ್ನೆಷ್ಟು ಉಳಿಯಿತು ಎಂದು ಕೇಳಿದಾಗ, ಋಣ ಪೂರ್ಣಾಂಕವು ಕಪ್ಪುಹಲಗೆಯಿಂದ ಇಳಿದು ಮೈದಾನದಲ್ಲಿ ನಿಲ್ಲುತ್ತದೆ. ಇತಿಹಾಸಕ್ಕೂ ಅಲ್ಲಿ ಎಡೆಯಿದೆ: 1934ರಿಂದ 1945ರವರೆಗೆ ಆ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ, 1946ರಲ್ಲಿ ಕೆನ್ನಿ ವಾಷಿಂಗ್ಟನ್ ರ‍್ಯಾಮ್ಸ್ ತಂಡ ಸೇರಿದ್ದು ಹೇಗೆ ಎಂಬ ಪ್ರಶ್ನೆಯಿಂದ ವರ್ಣಭೇದದ ಪಾಠವನ್ನು ಆರಂಭಿಸಬಹುದು.

ಆ ಪಾಠವನ್ನೇ ನೇರವಾಗಿ ಇಲ್ಲಿಗೆ ತರಿಸಿಕೊಳ್ಳಿ ಎನ್ನುವುದು ನಮ್ಮ ಅಭಿಪ್ರಾಯವಲ್ಲ. ತಮ್ಮ ಶಾಲೆಯಲ್ಲಿ ಬೆಳಗಿನ ಹತ್ತೂವರೆಯಾದಾಗ ಅಲ್ಲಿ, ಬೇಸಿಗೆಯಾದರೆ, ರಾತ್ರಿ ಒಂದು ಗಂಟೆ. ಪಾಠ ಹೇಳುವವರೇ ಮಲಗಿರುತ್ತಾರೆ. ತರಬೇಕಾದದ್ದು ಪ್ರಶ್ನೆ ಕೇಳುವ ಆ ಕ್ರಮವನ್ನು. ಅದಕ್ಕೆ ನಮ್ಮ ಮಕ್ಕಳು ದಿನವೂ ಆಡುವ ಕಬಡ್ಡಿಯೇ ಸಾಕು. ಪುರುಷರ ಅಂಕಣದಲ್ಲಿ ಮಧ್ಯರೇಖೆಯಿಂದ, ರೈಡರ್ ದಾಟಬೇಕಾದ ಬಾಕ್ ಲೈನ್‌ಗೆ 3.75 ಮೀಟರ್, ಅಲ್ಲಿಂದ ಹೆಚ್ಚುವರಿ ಅಂಕದ ಗೆರೆಯಾದ ಬೋನಸ್ ಲೈನ್‌ಗೆ ಇನ್ನೊಂದು ಮೀಟರ್. ಬೋನಸ್ ಲೈನ್‌ವರೆಗೆ ನೆಟ್ಟಗೆ ಹೋಗಿ ಮರಳಲು 9.5 ಮೀಟರ್, ರೈಡ್‌ಗೆ ಇರುವ ಅವಧಿ 30 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಮೀಟರಿನ ಮೂರನೆಯ ಒಂದು ಪಾಲೂ ಬರುವುದಿಲ್ಲ. ಅಜ್ಜಿಯೂ ಅದಕ್ಕಿಂತ ಬೇಗ ನಡೆದಾರು! ಹಾಗಾದರೆ ರೈಡರ್ ಸಿಕ್ಕಿಬೀಳುವುದೇಕೆ? ಸರಾಸರಿ ವೇಗಕ್ಕೂ ಆ ಕ್ಷಣದ ವೇಗಕ್ಕೂ, ದಿಕ್ಕಿನ ಬದಲಾವಣೆಗೂ ಇರುವ ಸಂಬಂಧವನ್ನು ಒಂಬತ್ತನೆಯ ತರಗತಿಯವರು ಇಲ್ಲಿಂದಲೇ ಹಿಡಿಯಬಲ್ಲರು.

ಇನ್ನು ಕರೆಂಟಿನ ವಿಷಯ. ಶಾಲೆಯಂಗಳದಲ್ಲಿ ನಡೆದ ಒಂದು ರೈಡನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ನೆಟ್‌ವರ್ಕಿನ ಹಂಗಿಲ್ಲ, ಚಾರ್ಜ್ ಒಂದಿದ್ದರಾಯಿತು. ರೈಡರ್ ಬಾಕ್ ಲೈನ್ ದಾಟುವಲ್ಲಿ ವಿಡಿಯೊ ನಿಲ್ಲಿಸಿ, ಮುಂದೇನಾದೀತು ಎಂದು ಮಕ್ಕಳಿಂದ ಹೇಳಿಸಿ, ಕಾರಣವನ್ನು ಬರೆಸಿ, ಆಮೇಲೆ ಮುಂದೆ ಓಡಿಸಿದರೆ ಅದೂ ಸಂವಾದವೇ. ನಿಲ್ಲಿಸದೆ, ಕೇಳದೆ ತೋರಿಸುವ ವಿಡಿಯೊ, ಅದು ಅಮೆರಿಕದಿಂದಲೇ ಬಂದಿರಲಿ, ಮಕ್ಕಳನ್ನು ಸುಮ್ಮನೆ ಕೂರಿಸಲು ಹಾಕಿಟ್ಟ ಟಿವಿಗಿಂತ ಮೇಲಲ್ಲವೆಂಬ ತಮ್ಮ ಸಿಟ್ಟಿನಲ್ಲಿ ನಾವೂ ಪಾಲುದಾರರು.

ಮಳೆಗಾಲದೊಳಗೆ ತಾವು ಇಂಥ ಕೆಲವು ಕಬಡ್ಡಿ ಲೆಕ್ಕಗಳನ್ನು, ಮಕ್ಕಳು ಎಲ್ಲಿ ಎಡವಿದರು ಎಂಬ ಟಿಪ್ಪಣಿಯೊಂದಿಗೆ, ಬರೆದು ಕಳಿಸಿದರೆ ಶಿಕ್ಷಣ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ