ಅಪ್ಪನಿಗೆ ಮೂಳೆ ಹಾರ್ಮೋನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಸಕ್ಕರೆ ಕಾಯಿಲೆ ಹಳೆಯದು, ಕುಡಿಯುವ ಅಭ್ಯಾಸ ಇಲ್ಲ. ಮೊನ್ನೆ ಸ್ಕ್ಯಾನ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು. ಮೂಳೆಯಿಂದ ಬರುವ ಹಾರ್ಮೋನ್ ಸಕ್ಕರೆಯನ್ನೂ ಲಿವರ್ ಕೊಬ್ಬನ್ನೂ ಇಳಿಸುತ್ತದೆ ಅಂತ ವಾಟ್ಸಾಪಿನಲ್ಲಿ ಓದಿದೆ. ಅದರ ಟೆಸ್ಟ್ ಮಾಡಿಸಿ, ವಿಟಮಿನ್ ಕೆ ಮಾತ್ರೆ ಶುರು ಮಾಡಬಹುದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಎರಡೂ ಬೇಡ.

ಸುದ್ದಿ ಪೂರ್ತಿ ಸುಳ್ಳೇನಲ್ಲ. ಆ ಹಾರ್ಮೋನಿನ ಹೆಸರು ಆಸ್ಟಿಯೋಕ್ಯಾಲ್ಸಿನ್, ಮೂಳೆ ಕಟ್ಟುವ ಜೀವಕೋಶಗಳು ಅದನ್ನು ತಯಾರಿಸುತ್ತವೆ. ಅದಿಲ್ಲದ ಇಲಿಗಳಿಗೆ ಬೊಜ್ಜು ಬರುತ್ತದೆ, ಸಕ್ಕರೆ ಏರುತ್ತದೆ ಅಂತ 2007ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ತಂಡ ತೋರಿಸಿತು. ಆದರೆ 2020ರಲ್ಲಿ ಬೇರೆ ಎರಡು ತಂಡಗಳು ಅಂಥದೇ ಇಲಿಗಳನ್ನು ಬೆಳೆಸಿ ನೋಡಿದರೆ ಸಕ್ಕರೆ ಸರಿಯಾಗಿಯೇ ಇತ್ತು! ಈ ಭಾಗ ಫಾರ್ವರ್ಡ್ ಆಗುವುದಿಲ್ಲ, ಅಲ್ವಾ. ಸಕ್ಕರೆ ಕಾಯಿಲೆಯವರಲ್ಲಿ ಆಸ್ಟಿಯೋಕ್ಯಾಲ್ಸಿನ್ ಸಾಮಾನ್ಯವಾಗಿ ಕಡಿಮೆ ಇರುವುದು ನಿಜ, ಆದರೆ ಸಕ್ಕರೆ ಜಾಸ್ತಿಯಾದರೆ ಮೂಳೆ ಕಟ್ಟುವ ಕೆಲಸವೇ ನಿಧಾನವಾಗುತ್ತದೆ, ಹಾಗಾಗಿ ಯಾವುದರಿಂದ ಯಾವುದು ಅಂತ ಆ ರಿಪೋರ್ಟ್ ಹೇಳುವುದಿಲ್ಲ.

ವಿಟಮಿನ್ ಕೆ ವಿಷಯ ಇನ್ನೂ ತಮಾಷೆ. ಅದು ಆಸ್ಟಿಯೋಕ್ಯಾಲ್ಸಿನನ್ನು ಮೂಳೆಗೆ ಅಂಟಿಕೊಳ್ಳುವ ಹಾಗೆ ಮಾಡುತ್ತದೆ. ಇಲಿಗಳ ಲೆಕ್ಕದಲ್ಲಿ ಹಾರ್ಮೋನಿನ ಕೆಲಸ ಮಾಡುವುದು ಹಾಗೆ ಅಂಟದೆ ರಕ್ತದಲ್ಲಿ ಓಡಾಡುವ ಪಾಲು. ಅಂದರೆ ಆ ವಾಟ್ಸಾಪ್ ಸುದ್ದಿಯನ್ನೇ ನಂಬಿದರೂ ಮಾತ್ರೆ ಉಲ್ಟಾ ಹೊಡೆಯಬೇಕು. ಅಪ್ಪ ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುತ್ತಿದ್ದರಂತೂ ವಿಟಮಿನ್ ಕೆ ಅದರ ಕೆಲಸವನ್ನೇ ಕೆಡಿಸುತ್ತದೆ. ಬಸಳೆ, ಹರಿವೆಯಲ್ಲೇ ಬೇಕಾದಷ್ಟು ಇದೆ ಬಿಡಿ.

ಆ ದುಡ್ಡಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಅನ್ನುವ ಮೂರು ರಕ್ತ ಪರೀಕ್ಷೆ ಮಾಡಿಸಿ. ಸ್ಕ್ಯಾನ್‌ನ ಗ್ರೇಡ್ 2 ಅನ್ನುವುದು ಕೊಬ್ಬಿನ ಲೆಕ್ಕ ಮಾತ್ರ, ಲಿವರ್ ಗಟ್ಟಿಯಾಗುತ್ತಿದೆಯಾ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ, ನಮಗೆ ಭಯ ಇರುವುದು ಅದರದ್ದೇ. ಈ ಮೂರರ ಜೊತೆ ವಯಸ್ಸು ಸೇರಿಸಿ ಡಾಕ್ಟರು ಫಿಬ್-4 ಅಂತ ಒಂದು ಅಂಕಿ ತೆಗೆಯುತ್ತಾರೆ. 65 ದಾಟಿದವರಿಗೆ ಅದು 2ಕ್ಕಿಂತ ಜಾಸ್ತಿ ಬಂದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್, ಬೇಕಾಗುತ್ತದೆ.

ಅಪ್ಪನ ಮೂಳೆ ಬಗ್ಗೆ ನನಗಿರುವ ಚಿಂತೆಯೇ ಬೇರೆ. ಸಕ್ಕರೆ ಕಾಯಿಲೆಯವರ ಮೂಳೆ ಸಾಂದ್ರತೆಯ ಟೆಸ್ಟ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೂ ಬಿದ್ದರೆ ಬೇಗ ಮುರಿಯುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಸಂಕ ದಾಟಿ ಅಡಕೆ ತೋಟಕ್ಕೆ ಒಬ್ಬರೇ ಹೋಗುವುದು ಬೇಡ. ಇನ್ಸುಲಿನ್ ಇದ್ದರೆ, ಸಕ್ಕರೆ ದಿಢೀರ್ ಇಳಿದು ತಲೆಸುತ್ತಿ ಬೀಳುವುದೂ ಉಂಟು.

ತೂಕ ಜಾಸ್ತಿ ಇದ್ದರೆ ನೂರಕ್ಕೆ ಐದರಷ್ಟು ಇಳಿದರೂ ಲಿವರ್ ಕೊಬ್ಬು ಕರಗತೊಡಗುತ್ತದೆ. ಆದರೆ ಈ ವಯಸ್ಸಲ್ಲಿ ಉಪವಾಸ ಕೂರಿಸಬೇಡಿ, ಸ್ನಾಯು ಕರಗಿ ಹೋಗುತ್ತದೆ. ಕುಚ್ಚಲಕ್ಕಿ ಗಂಜಿ ಒಳ್ಳೆಯದು ಅಂತ ಮೂರು ಸಲ ಬಡಿಸಿಕೊಂಡರೆ ಅದೂ ಸಕ್ಕರೆಯೇ. ಒಂದು ಸೌಟು ಕಡಿಮೆ ಮಾಡಿ, ಹೆಸರುಕಾಳಿನ ಪಲ್ಯವೋ ಮೀನೋ ಜಾಸ್ತಿ ಹಾಕಿ. ಜಗಲಿಯಲ್ಲಿ ಕುರ್ಚಿ ಇಟ್ಟು ಕೈ ಊರದೆ ಎದ್ದು ಕೂರುವುದನ್ನು ದಿನಾ ಹತ್ತು ಸಲ ಮಾಡಿಸಿ, ಪಕ್ಕದಲ್ಲಿ ನೀವು ನಿಂತಿರಿ.

ಹಾಂ, ಮಾತ್ರೆ ಚೀಟಿಯಲ್ಲಿ ಪಯೋಗ್ಲಿಟಜೋನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ಇದೆಯಾ ನೋಡಿ. ಅದು ಲಿವರ್ ಕೊಬ್ಬಿಗೆ ಒಳ್ಳೆಯದೇ, ಆದರೆ ಮೂಳೆ ಮುರಿಯುವ ಅಪಾಯ ಹೆಚ್ಚಿಸುತ್ತದೆ, ಹೆಂಗಸರಲ್ಲಿ ಮುಖ್ಯವಾಗಿ. ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಕೇಳಿ.